ಮೇಲ್‌ನಲ್ಲಿ ಹೋದ ಫೈಲ್ ಅಲ್ಲಿ ತೆರೆದಾಗ ಕೆಟ್ಟಿದ್ದರೆ

ಬೆಳಿಗ್ಗೆ ಒಂಬತ್ತೂವರೆಗೆ ಪ್ರೆಸ್‌ನ ಹುಡುಗನ ಫೋನು. “ತಾಈ, ಫಾಈಲ್ ಬಿಘಡಲೀ ಆಹೇ.” ಅಕ್ಕ, ಫೈಲ್ ಕೆಟ್ಟುಹೋಗಿದೆ ಎಂದು. ನಮ್ಮ ಕನ್ನಡ ಸಂಘದ ನವರಾತ್ರಿ ಆಮಂತ್ರಣ ಪತ್ರಿಕೆ ಅದು. ಹಿಂದಿನ ರಾತ್ರಿ ಮುಂಬಯಿ ಪಕ್ಕದ ಡೊಂಬಿವಲಿಯ ಮನೆಯಿಂದ ಕಳಿಸುವಾಗ ನಾಲ್ಕು ಪುಟ ಇತ್ತು, ಲೋವರ್ ಪರೇಲ್‌ನಲ್ಲಿ ಅವನು ತೆರೆಯುವಾಗ ಐದಾಗಿತ್ತು. ಪುಟ ಹೆಚ್ಚಾದದ್ದು ಹಾಗಿರಲಿ, ದಾನಿಗಳ ಪಟ್ಟಿಯಲ್ಲಿ ಏಳನೆಯ ಹೆಸರು ದಾಟಿದ ಮೇಲೆ ಎಲ್ಲರ ಮುಂದೆಯೂ ಅವರವರ ಕೆಳಗಿನವರ ಮೊತ್ತ ಬಂದು ಕೂತಿತ್ತು. 5,001 ಕೊಟ್ಟವರು 501ಕ್ಕೆ ಇಳಿದಿದ್ದರು, 501 ಕೊಟ್ಟವರು 11,000ಕ್ಕೆ ಏರಿದ್ದರು, ಕಟ್ಟಕಡೆಯವರ ಮುಂದೆ ಬರೀ ಖಾಲಿ. ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ. ಪುಟ ಐದಾಯಿತಲ್ಲ ಎಂದು ಅವನಿಗೆ ಅನುಮಾನ ಬಂದು ಫೋನ್ ಮಾಡಿದ್ದಕ್ಕೆ ಬಚಾವು. ಹಾಗೇ ಅಚ್ಚು ಹಾಕಿಬಿಟ್ಟಿದ್ದರೆ ಆ ವರ್ಷ ನಾನು ಸಂಘದ ಮೆಟ್ಟಿಲು ಹತ್ತುವ ಹಾಗಿರಲಿಲ್ಲ.

ಮನೆಯಲ್ಲೇ ಕೂತು ಕನ್ನಡ ಟೈಪಿಂಗ್ ಮತ್ತು ಪುಟ ಕಟ್ಟುವ ಕೆಲಸ ನನ್ನದು. ಸಂಘಗಳ ಸ್ಮರಣ ಸಂಚಿಕೆ, ತಾಳಮದ್ದಳೆಯ ಕರೆಯೋಲೆ, ಮದುವೆ ಕಾಗದ, ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಓದುವವರ ಪ್ರಬಂಧ. ಬರೆಯುವವರು ಒಬ್ಬರು ಪುಣೆಯಲ್ಲಿ, ತಿದ್ದುವವರು ಒಬ್ಬರು ಮುಲುಂಡ್‌ನಲ್ಲಿ, ಅಚ್ಚು ಹಾಕುವವರು ಇನ್ನೆಲ್ಲೋ. ಫೈಲ್ ಮಾತ್ರ ಮೇಲ್‌ನಲ್ಲಿ ಓಡಾಡುತ್ತಲೇ ಇರುತ್ತದೆ, ಓಡಾಡಿದಷ್ಟೂ ಆಕಾರ ಕೆಡಿಸಿಕೊಳ್ಳುತ್ತದೆ. ಎಲ್ಲಿ ಕೆಡುತ್ತದೆ, ಹೇಗೆ ಪತ್ತೆ ಹಚ್ಚುವುದು ಎಂಬುದನ್ನು ನನಗೆ ಎದುರಾದ ಕ್ರಮದಲ್ಲಿ ಬರೆದಿದ್ದೇನೆ.

ಮೊದಲು ಮೇಲ್ ಮೇಲಿನ ಆರೋಪ ಕೈಬಿಡಿ

“ಮೇಲ್‌ನಲ್ಲಿ ಬರುವಾಗ ಹಾಳಾಯಿತು” ಎಂಬುದು ಎಲ್ಲರ ಬಾಯಲ್ಲಿ ಮೊದಲು ಬರುವ ಮಾತು. ಹಾಗಾಗುವುದು ತೀರಾ ಅಪರೂಪ. ಮೇಲ್ ಸಾಗಿಸುವ ನಿಯಮ 1982ರದ್ದು. ಸಾದಾ ಇಂಗ್ಲಿಷ್ ಅಕ್ಷರ, ಅಂಕಿ, ಒಂದಿಷ್ಟು ಚಿಹ್ನೆ ಬಿಟ್ಟರೆ ಅದಕ್ಕೆ ಬೇರೆ ಯಾವುದೂ ಗೊತ್ತಿರಲಿಲ್ಲ. ಫೈಲ್ ಲಗತ್ತಿಸುವ ಮೈಮ್ ಪದ್ಧತಿ ಬಂದದ್ದು 1992ರಲ್ಲಿ. ಫೈಲಿನ ಪ್ರತಿ ಮೂರು ಬೈಟನ್ನು ನಾಲ್ಕು ಸಾದಾ ಅಕ್ಷರ ಮಾಡಿ ಕಳಿಸುವುದು, ಆ ಕಡೆಯವರು ಅದನ್ನು ಬಿಚ್ಚಿ ಮತ್ತೆ ಮೂರು ಬೈಟ್ ಮಾಡಿಕೊಳ್ಳುವುದು, ಇಷ್ಟೇ ಉಪಾಯ. ದಾರಿಯಲ್ಲಿ ಗಾತ್ರ ಮೂರರಲ್ಲಿ ಒಂದು ಪಾಲು ಹೆಚ್ಚಾಗುತ್ತದೆ. ಮೇಲ್‌ನ ಗಾತ್ರದ ಮಿತಿಗೆ ತೀರಾ ಹತ್ತಿರದ ಫೈಲ್ ಕೆಲವೊಮ್ಮೆ ವಾಪಸು ಬರುವುದು ಇದರಿಂದಲೇ. ಆದರೆ ಒಳಗಿನ ಒಂದು ಚುಕ್ಕೆಯನ್ನೂ ಮೇಲ್ ಮುಟ್ಟುವುದಿಲ್ಲ.

ನಂಬಿಕೆ ಬರದಿದ್ದರೆ ಎರಡು ಪರೀಕ್ಷೆ ಇವೆ. ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಗಾತ್ರ ಬೈಟ್ ಲೆಕ್ಕದಲ್ಲಿ ಇರುತ್ತದೆ. ಆ ಕಡೆಯವರೂ ಇಳಿಸಿಕೊಂಡ ಫೈಲಿನಲ್ಲಿ ಅದನ್ನೇ ನೋಡಿ ಹೇಳಲಿ. ಕೊನೆಯ ಅಂಕಿಯವರೆಗೆ ಹೊಂದಿದರೆ ದಾರಿಯಲ್ಲಿ ಏನೂ ಉದುರಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಇನ್ನೊಂದು, ಕಳಿಸುವಾಗ ನಿಮ್ಮ ವಿಳಾಸಕ್ಕೂ ಒಂದು ಪ್ರತಿ ಹಾಕಿಕೊಳ್ಳಿ. ಮೇಲ್‌ನಿಂದ ಇಳಿಸಿದ ಆ ಪ್ರತಿ ನಿಮ್ಮ ಯಂತ್ರದಲ್ಲಿ ಸರಿಯಾಗಿ ತೆರೆದರೆ ದೋಷ ಇರುವುದು ತೆರೆದ ಕಡೆ.

ಇದಕ್ಕೆ ಕಾರಣ, ವರ್ಡ್ ಫೈಲಿನೊಳಗೆ ಪುಟ ಎಂಬುದೇ ಇಲ್ಲ. ಇರುವುದು ಅಕ್ಷರಗಳು, ಮತ್ತೆ ಒಂದಷ್ಟು ಸೂಚನೆ: ಈ ಫಾಂಟ್ ಹಾಕು, ಇಷ್ಟು ದೊಡ್ಡದು ಮಾಡು, ಅಂಚು ಇಷ್ಟು ಬಿಡು. ತೆರೆದ ಯಂತ್ರ ಅದನ್ನು ಓದಿ ತನ್ನಲ್ಲಿರುವ ಸಾಮಾನಿನಿಂದ ಪುಟ ಕಟ್ಟುತ್ತದೆ. ಸಾರಿನ ಚೀಟಿಯಲ್ಲಿ ಬ್ಯಾಡಗಿ ಮೆಣಸು ಎಂದು ಬರೆದು ಕಳಿಸಿರುತ್ತೇವೆ, ಆ ಮನೆಯಲ್ಲಿ ಲವಂಗಿ ಮೆಣಸು ಮಾತ್ರ ಇರುತ್ತದೆ. ಅದನ್ನೇ ಹಾಕುತ್ತಾರೆ, ಹಾಕಿದ್ದೇವೆ ಎಂದು ಹೇಳುವುದೂ ಇಲ್ಲ.

ಫೋನಿನಲ್ಲಿ ಕೇಳಬೇಕಾದದ್ದು

“ಕೆಟ್ಟಿದೆ” ಎಂದರೆ ಯಾವ ಕಾಯಿಲೆ ಎಂದು ತಿಳಿಯುವುದಿಲ್ಲ. ಮೊದಲು ಪರದೆಯ ಫೋಟೋ ಕೇಳಿ. ಆಮೇಲೆ, ಯಾವುದರಲ್ಲಿ ತೆರೆದದ್ದು ಎಂದು ಕೇಳಿ. ನಮ್ಮ ಕಾರ್ಯದರ್ಶಿಗಳ ಜೊತೆ ನಡೆಯುವ ಮಾತು ಹೆಚ್ಚುಕಡಿಮೆ ಪ್ರತಿ ಸಲ ಹೀಗೆ:

“ಅಕ್ಕ, ಎಲ್ಲ ಇಂಗ್ಲಿಷ್ ಬರ್ತಾ ಉಂಟಲ್ಲ?”

“ಎಂಥದರಲ್ಲಿ ತೆರೆದಿರಿ ಅಣ್ಣ?”

“ಮೊಬೈಲ್‌ನಲ್ಲಿ. ಲೋಕಲ್‌ನಲ್ಲಿದ್ದೇನೆ, ಈಗ ಠಾಣೆ ದಾಟಿತು.”

ಮೊಬೈಲ್‌ನಲ್ಲಿ ಲಗತ್ತನ್ನು ಒತ್ತಿದರೆ ತೆರೆಯುವುದು ಸಾಮಾನ್ಯವಾಗಿ ಮುನ್ನೋಟ ಮಾತ್ರ. ಅದು ಓದಿಕೊಳ್ಳಲಿಕ್ಕೆ ಇರುವಂಥದ್ದು, ಪುಟ ಪರೀಕ್ಷೆ ಮಾಡಲಿಕ್ಕೆ ಅಲ್ಲ. ಗೂಗಲ್ ಡಾಕ್ಸ್‌ನಲ್ಲಿ ತೆರೆದರೂ ಅಷ್ಟೇ, ಫಾಂಟ್ ಬದಲಾಗುತ್ತದೆ, ಪೆಟ್ಟಿಗೆಯೊಳಗಿನ ಬರಹ ಜಾಗ ಬಿಟ್ಟು ಹೋಗುತ್ತದೆ. ಹಾಗಾಗಿ ಮೂರನೆಯ ಪ್ರಶ್ನೆ: ಇಳಿಸಿಕೊಂಡು ಕಂಪ್ಯೂಟರಿನಲ್ಲಿ ತೆರೆದಿರೋ, ಅಲ್ಲ ಮೇಲ್‌ನೊಳಗೇ ನೋಡಿದಿರೋ? ನನಗೆ ಬರುವ ದೂರುಗಳಲ್ಲಿ ಒಳ್ಳೆಯ ಪಾಲು ಇಲ್ಲೇ ಮುಗಿಯುತ್ತದೆ.

ಕನ್ನಡದ ಜಾಗದಲ್ಲಿ ಇಂಗ್ಲಿಷ್ ಗೀಚು

ಇದು ನಮ್ಮ ಭಾಷೆಗೆ ಅಂಟಿದ ಹಳೆಯ ಕಾಯಿಲೆ, ಸ್ವಲ್ಪ ನಿಧಾನವಾಗಿ ನೋಡಬೇಕು.

ಫೋಟೋದಲ್ಲಿ ದೊಡ್ಡ ಇಂಗ್ಲಿಷ್ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೆರೆ ಎಳೆದ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಗೆರೆಯ ಎ, ಹೀಗೆ ಕಂಡರೆ ಅದು ‘ಕನ್ನಡ’ ಎಂಬ ಪದವೇ ಇರಬಹುದು. ನುಡಿ ಮತ್ತು ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಕ್ಕೆ ಸ್ವಂತ ಮನೆ ಇರಲಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮನೆಯಲ್ಲಿ ಬಾಡಿಗೆಗೆ ಕೂತಿದ್ದವು. ಪೌಂಡ್ ಗುರುತಿನ ಜಾಗದಲ್ಲಿ ‘ನ’, ವೃತ್ತದೊಳಗಿನ ಆರ್ ಜಾಗದಲ್ಲಿ ‘ಲ’. ಯಂತ್ರಕ್ಕೆ ಅದು ಈಗಲೂ ಪೌಂಡ್ ಗುರುತೇ. ಮೇಲಿನಿಂದ ಕನ್ನಡದ ಅಂಗಿ ತೊಡಿಸುವುದು ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಂಗಿ ಕಳಚಿ ಒಳಗಿನದ್ದು ಕಾಣುತ್ತದೆ. ಆಂಡ್ರಾಯ್ಡ್ ಮೊಬೈಲ್‌ನಲ್ಲಿ ನುಡಿ ಫಾಂಟ್ ಮೊದಲೇ ಬಂದಿರುವುದಿಲ್ಲ, ಲೋಕಲ್‌ನಲ್ಲಿ ಕೂತ ನಮ್ಮ ಕಾರ್ಯದರ್ಶಿಗಳಿಗೆ ಅದು ಇಂಗ್ಲಿಷೇ ಆಗಿ ಕಾಣುವುದು ನ್ಯಾಯ.

ಯಾವ ಬಗೆಯ ಬರಹ ಎಂದು ಹತ್ತು ಸೆಕೆಂಡಿನಲ್ಲಿ ತಿಳಿಯುವ ಉಪಾಯ ಇದೆ. ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಯುನಿಕೋಡ್, ಎಂದರೆ ಕನ್ನಡ ಅಕ್ಷರಕ್ಕೆ ಸ್ವಂತ ಮನೆ ಇರುವ ಪದ್ಧತಿ. ಗೀಚಾದರೆ ಹಳೆಯ ಫಾಂಟಿನದ್ದು. ಕಳಿಸುವ ಮೊದಲು ಇದನ್ನು ನೀವೇ ಮಾಡಿ ನೋಡಿಕೊಂಡರೆ ಆ ಕಡೆಯವರಿಗೆ ಏನು ಕಾಣಬಹುದು ಎಂದು ಮೊದಲೇ ಗೊತ್ತಾಗುತ್ತದೆ.

ಹಳೆಯದು ಎಂದು ತಿಳಿದ ಮೇಲೆ ಮುಂದೇನು ಎಂಬುದು ಕೆಲಸದ ಮೇಲೆ ನಿಂತಿದೆ. ಅಚ್ಚಿಗಷ್ಟೇ ಹೋಗುವುದಾದರೆ ಪಿಡಿಎಫ್ ಮಾಡಿ ಕೊಡಿ, ಫಾಂಟ್ ಅದರೊಳಗೇ ಹೋಗುತ್ತದೆ, ಪರಿವರ್ತನೆಯ ತಂಟೆ ಬೇಡ. ಆ ಕಡೆಯವರು ತಿದ್ದಬೇಕಾದರೆ ಅದೇ ಹೆಸರಿನ ಫಾಂಟ್ ಅವರಲ್ಲೂ ಇರಬೇಕು. ನೀವು ಬಳಸಿದ್ದು ನುಡಿ 01 ಇ ಆದರೆ ಅವರಲ್ಲೂ ಅದೇ ಇರಲಿ. ಹೆಚ್ಚು ಜನರ ಕೈಯಲ್ಲಿ ಓಡಾಡುವ ಫೈಲ್ ಆದರೆ ಯುನಿಕೋಡ್‌ಗೆ ಬದಲಿಸುವುದೇ ಒಳ್ಳೆಯದು. ನುಡಿಯಲ್ಲೂ ಬರಹದಲ್ಲೂ ಪರಿವರ್ತಕ ಇದೆ.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಒಂದಿದೆ. ಗೀಚು ಕಂಡ ಕೂಡಲೇ ಕಂಟ್ರೋಲ್ ಎ ಒತ್ತಿ ಇಡೀ ಫೈಲಿಗೆ ನುಡಿ ಫಾಂಟ್ ಹಾಕಿಬಿಡುತ್ತಾರೆ. ಕನ್ನಡವೇನೋ ಬರುತ್ತದೆ. ನಡುವೆ ಇಂಗ್ಲಿಷ್‌ನಲ್ಲಿದ್ದ ಮೇಲ್ ವಿಳಾಸ, ಪುಸ್ತಕದ ಹೆಸರು, ಕಟ್ಟಡದ ಹೆಸರು ಎಲ್ಲವೂ ಅರ್ಥವಿಲ್ಲದ ಕನ್ನಡ ಅಕ್ಷರವಾಗಿ ಸಾಲುಗಟ್ಟುತ್ತವೆ. ಒಟ್ಟಿಗೆ ಪರಿವರ್ತಕಕ್ಕೆ ಹಾಕಿದರೂ ಇದೇ ಗತಿ. ಪಿಎಚ್.ಡಿ. ಹುಡುಗಿಯೊಬ್ಬಳ ಪರಾಮರ್ಶನ ಪಟ್ಟಿ ಹೀಗೆ ನಾಲ್ಕು ಪುಟ ಹಾಳಾಗಿ ಬಂದಿತ್ತು. ಅದನ್ನು ಮತ್ತೆ ಹಳೆಯ ಪ್ರತಿ ನೋಡಿ ಕೈಯಲ್ಲೇ ಟೈಪ್ ಮಾಡಿದೆವು, ಬೇರೆ ದಾರಿ ಇರಲಿಲ್ಲ. ಅಂದಿನಿಂದ ಕನ್ನಡದ ಭಾಗವನ್ನಷ್ಟೇ ಆರಿಸಿ ಬದಲಿಸುತ್ತೇನೆ, ತಡವಾದರೂ ಸರಿ.

ಇನ್ನೊಂದು ಕಳ್ಳ ದೋಷ ಇದೆ, ಕಣ್ಣಿಗೆ ಬೀಳುವುದು ಕಷ್ಟ. ಹಳೆಯ ಫಾಂಟ್‌ನಲ್ಲಿ ‘ಜ’ ಎಂದರೆ ಸಣ್ಣ ಡಿ, ‘ಆ’ ಎಂದರೆ ದೊಡ್ಡ ಡಿ. ವಾಕ್ಯದ ಮೊದಲ ಅಕ್ಷರ ದೊಡ್ಡದಾಗಿರಬೇಕು ಎಂದು ವರ್ಡ್‌ನ ಆಟೋಕರೆಕ್ಟ್ ತಾನೇ ತಿದ್ದಿತೋ, ‘ಜನ’ ಎಂಬುದು ‘ಆನ’ ಆಗುತ್ತದೆ. ಟೈಪ್ ಮಾಡಿದವರ ತಪ್ಪು ಎಂದು ನಾವು ಬೈಯುತ್ತೇವೆ. ವಾಕ್ಯದ ಮೊದಲ ಅಕ್ಷರ ಮಾತ್ರ ಮತ್ತೆ ಮತ್ತೆ ತಪ್ಪಿದ್ದರೆ ಬೆರಳಿನ ತಪ್ಪಲ್ಲ, ಆಟೋಕರೆಕ್ಟ್ ನಿಲ್ಲಿಸಿ ನೋಡಿ.

ಮುಂಬಯಿ, ಪುಣೆಯ ಪ್ರೆಸ್‌ಗಳಲ್ಲಿ ಇನ್ನೊಂದು ಮಜಾ ಆಗುತ್ತದೆ. ಮರಾಠಿ ಕೆಲಸಕ್ಕೆ ಅವರಲ್ಲಿ ಶ್ರೀಲಿಪಿ ಇರುತ್ತದೆ, ಪುಣೆಯಲ್ಲೇ ಹುಟ್ಟಿದ ತಂತ್ರಾಂಶ ಅದು. ಅದರಲ್ಲಿ ಕನ್ನಡ ಫಾಂಟೂ ಸಿಗುತ್ತದೆ. ಆಪರೇಟರ್ ಒಳ್ಳೆಯ ಮನಸ್ಸಿನಿಂದಲೇ ನುಡಿಯ ಬರಹಕ್ಕೆ ಆ ಫಾಂಟ್ ಹಾಕುತ್ತಾನೆ. ಬಾಡಿಗೆಗೆ ಕೂತ ಮನೆಗಳು ಎರಡರಲ್ಲೂ ಬೇರೆ ಬೇರೆ. ಅಕ್ಷರ ಕನ್ನಡದ್ದೇ ಬರುತ್ತದೆ, ಪದ ಮಾತ್ರ ಯಾವ ಊರಿನದ್ದೂ ಅಲ್ಲ. ಕನ್ನಡ ಬಾರದವನಿಗೆ ಅದು ಸರಿಯಾಗಿಯೇ ಕಾಣುವುದರಿಂದ ಇದು ಗೀಚಿಗಿಂತ ಅಪಾಯ. ಗೀಚು ಕಂಡರೆ ಫೋನ್ ಆದರೂ ಬರುತ್ತದೆ.

ಚೌಕ, ಚುಕ್ಕಿಯ ವೃತ್ತ, ಕಳಚಿದ ಒತ್ತಕ್ಷರ

ಯುನಿಕೋಡ್ ಬರಹಕ್ಕೆ ಬರುವ ಕಾಯಿಲೆಗಳು ಬೇರೆ. ಖಾಲಿ ಚೌಕ ಕಂಡರೆ ಆ ಅಕ್ಷರ ಇರುವ ಫಾಂಟ್ ಆ ಯಂತ್ರದಲ್ಲಿ ಇಲ್ಲ ಎಂದರ್ಥ. ವಿಂಡೋಸ್‌ನಲ್ಲಿ ಎಕ್ಸ್‌ಪಿ ಕಾಲದಿಂದ ತುಂಗಾ, ವಿಂಡೋಸ್ 8ರಿಂದ ನಿರ್ಮಲಾ ಎಂಬ ಕನ್ನಡ ಬರುವ ಫಾಂಟ್‌ಗಳು ಇರುವುದರಿಂದ ಇಡೀ ಕನ್ನಡ ಚೌಕವಾಗುವುದು ಈಗ ಕಡಿಮೆ. ನಾನು ಹೆಚ್ಚು ನೋಡುವುದು ರೂಪಾಯಿ ಚಿಹ್ನೆಯ ಜಾಗದಲ್ಲಿ. ಅದು 2010ರಲ್ಲಿ ಬಂದದ್ದು, ಅದಕ್ಕಿಂತ ಹಳೆಯ ಫಾಂಟ್‌ಗಳಿಗೆ ಅದರ ಪರಿಚಯವಿಲ್ಲ. ದಾನಿಗಳ ಪಟ್ಟಿಯಲ್ಲಿ ನಾನು ‘ರೂ.’ ಎಂದೇ ಹಾಕುತ್ತೇನೆ.

ಚುಕ್ಕಿಗಳ ವೃತ್ತದ ಪಕ್ಕ ಗುಣಿತದ ಚಿಹ್ನೆ ಒಂದೇ ನಿಂತಿದ್ದರೆ, ಅದು ಅಂಟಬೇಕಾದ ವ್ಯಂಜನ ಅದರ ಹಿಂದೆ ಇಲ್ಲ. ಪರಿವರ್ತಕ ಎಡವಿದಲ್ಲಿ ಹೀಗಾಗುತ್ತದೆ, ಆ ಪದ ಅಳಿಸಿ ಹೊಸದಾಗಿ ಬರೆದರೆ ಸರಿ.

ಒತ್ತಕ್ಷರ ಕೆಳಗೆ ಹೋಗದೆ ‘ಅಮ್ಮ’ ಎಂಬುದು ‘ಅಮ್‌ಮ’ ಎಂಬಂತೆ ಬಿಡಿಬಿಡಿಯಾಗಿ ನಿಂತಿದ್ದರೆ ಫಾಂಟ್ ಹುಡುಕಬೇಡಿ. ತೆರೆದ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರುವುದಿಲ್ಲ. ಪ್ರೆಸ್‌ಗಳಲ್ಲಿ ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ಗೆ ಯುನಿಕೋಡೇ ತಿಳಿಯದು. ಹಳೆಯ ಕೋರಲ್‌ಡ್ರಾದಲ್ಲಿ ಅಂಟಿಸಿದರೂ ಒತ್ತು ಕಳಚುತ್ತದೆ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಆಯ್ಕೆಯಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿದರೆ ಒಂದೇ ಏಟಿಗೆ ಎಲ್ಲ ಸರಿಹೋಗುತ್ತದೆ.

‘ರ‍್ಯಾಲಿ’ ಎಂದು ಬರೆದದ್ದು ‘ರ್ಯಾಲಿ’ ಆಗಿ, ‘ಪ್ರೆಸ್‌ಗೆ’ ಎಂಬುದು ‘ಪ್ರೆಸ್ಗೆ’ ಆಗಿ ಬಂದರೆ, ಅಕ್ಷರಗಳ ನಡುವೆ ಇದ್ದ ಕಾಣದ ಜೋಡಕ ಎಲ್ಲೋ ಉದುರಿದೆ. ಪರಿವರ್ತಕ ಬಳಸಿದಾಗ ಇದನ್ನು ಒಮ್ಮೆ ಹುಡುಕಿ ನೋಡಿ, ಆಮಂತ್ರಣದಲ್ಲಿ ಅತಿಥಿಗಳ ಹೆಸರಿನಲ್ಲೇ ಇದು ಹೆಚ್ಚು ಕಾಣಿಸಿಕೊಳ್ಳುವುದು.

ಪುಟ ಜಾರಿದರೆ, ಪಟ್ಟಿ ತಪ್ಪಿದರೆ

ಈಗ ನನ್ನ ಐದು ಪುಟಕ್ಕೆ ಬರೋಣ. ಫೋನಿನಲ್ಲಿ ಬಗೆಹರಿಯಲಿಲ್ಲ. ಸ್ಲೋ ಲೋಕಲ್ ರೈಲು ಹಿಡಿದು ಕರಿ ರೋಡ್‌ನಲ್ಲಿ ಇಳಿದು ಪ್ರೆಸ್‌ಗೆ ನಡೆದೆ. ಹುಡುಗ ಚಹಾ ತರಿಸಿದ, ಫೈಲ್ ತೆರೆದಿಟ್ಟಿದ್ದ. ಕನ್ನಡ ಸ್ವಚ್ಛವಾಗಿತ್ತು, ಗೀಚಿಲ್ಲ, ಚೌಕ ಇಲ್ಲ. ಆದರೆ ಅಕ್ಷರದ ಮುಖ ಬೇರೆ. ನಾನು ಹಾಕಿದ್ದು ನೋಟೋ ಸೆರಿಫ್ ಕನ್ನಡ ಎಂಬ ಫಾಂಟ್, ಅಕ್ಷರದ ಗೆರೆ ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ ಇರಬೇಕು. ಅಲ್ಲಿ ಎಲ್ಲ ಒಂದೇ ದಪ್ಪ.

ಫಾಂಟ್ ಪೆಟ್ಟಿಗೆಯನ್ನು ನೋಡಿದರೆ ನೋಟೋ ಸೆರಿಫ್ ಕನ್ನಡ ಎಂದೇ ಬರೆದಿತ್ತು. ಇಲ್ಲೇ ಎಲ್ಲರೂ ಮೋಸ ಹೋಗುವುದು. ವರ್ಡ್ ಆ ಪೆಟ್ಟಿಗೆಯಲ್ಲಿ ತೋರಿಸುವುದು ಕೇಳಿದ ಫಾಂಟಿನ ಹೆಸರು, ಹಾಕಿದ ಫಾಂಟಿನದ್ದಲ್ಲ. ನಿಜ ತಿಳಿಯಬೇಕಾದರೆ ಫೈಲ್, ಆಪ್ಷನ್ಸ್, ಅಡ್ವಾನ್ಸ್‌ಡ್ ಒಳಗೆ ಹೋಗಿ ಕೆಳಗೆ ಇಳಿಯುತ್ತಾ ಫಾಂಟ್ ಸಬ್‌ಸ್ಟಿಟ್ಯೂಷನ್ ಎಂಬ ಗುಂಡಿ ಒತ್ತಬೇಕು. ಯಾವ ಫಾಂಟ್ ಇಲ್ಲ, ಅದರ ಬದಲು ಏನು ಹಾಕಿದೆ ಎಂದು ಎರಡು ಸಾಲಿನಲ್ಲಿ ಒಪ್ಪಿಕೊಳ್ಳುತ್ತದೆ. ವರ್ಡ್‌ನಂಥದ್ದೇ ಉಚಿತ ತಂತ್ರಾಂಶ ಲಿಬ್ರೆ ಆಫೀಸ್ ಸ್ವಲ್ಪ ಪ್ರಾಮಾಣಿಕ, ಇಲ್ಲದ ಫಾಂಟಿನ ಹೆಸರನ್ನು ಪೆಟ್ಟಿಗೆಯಲ್ಲೇ ಓರೆ ಅಕ್ಷರದಲ್ಲಿ ತೋರಿಸುತ್ತದೆ. ಆದರೆ ಅದರಲ್ಲಿ ಇಂಗ್ಲಿಷ್‌ಗೆ ಒಂದು ಫಾಂಟ್, ಕನ್ನಡದಂಥ ಲಿಪಿಗೆ ಇನ್ನೊಂದು ಫಾಂಟ್ ಎಂದು ಎರಡು ಕಡೆ ಹೊಂದಿಸಬೇಕು. ಒಂದನ್ನು ಬದಲಿಸಿ ಕನ್ನಡ ಬದಲಾಗಲಿಲ್ಲ ಎಂದು ಒದ್ದಾಡುವವರು ಎರಡನೆಯದನ್ನು ನೋಡಿರುವುದಿಲ್ಲ.

ಎರಡು ಫಾಂಟ್ 12 ಪಾಯಿಂಟ್ ಆದರೂ ಅಕ್ಷರದ ಅಗಲ ಒಂದೇ ಅಲ್ಲ, ಸಾಲಿನ ಎತ್ತರವೂ ಒಂದೇ ಅಲ್ಲ. ಪ್ರತಿ ಸಾಲು ಒಂದು ಕೂದಲಷ್ಟು ಎತ್ತರವಾದರೂ ನಾಲ್ಕು ಪುಟ ದಾಟುವಾಗ ಐದನೆಯದು ಹುಟ್ಟಿರುತ್ತದೆ.

ಪುಟದ ಕತೆ ಅಷ್ಟೇ. ದಾನಿಗಳ ಪಟ್ಟಿ ಕೆಟ್ಟದ್ದಕ್ಕೆ ಫಾಂಟ್ ನೆಪ ಮಾತ್ರ, ತಪ್ಪು ನನ್ನದೇ. ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿದರೆ ವರ್ಡ್‌ನಲ್ಲಿ ಕಾಣದ ಗುರುತುಗಳೆಲ್ಲ ಎದ್ದು ಬರುತ್ತವೆ: ಖಾಲಿ ಜಾಗಕ್ಕೆ ಚುಕ್ಕಿ, ಟ್ಯಾಬ್‌ಗೆ ಬಾಣ, ಎಂಟರ್‌ಗೆ ತಿರುಗಿದ ಪಿಯಂಥ ಗುರುತು. ಒತ್ತಿದೆ, ನನ್ನ ಸೋಮಾರಿತನ ಎದುರು ನಿಂತಿತು. ಪಟ್ಟಿಗೆ ನಾನು ಮಾಡಿದ್ದು ಒಂದೇ ಅಡ್ಡಸಾಲಿನ ಕೋಷ್ಟಕ. ಎಡಗಡೆಯ ಒಂದು ಮನೆಯಲ್ಲಿ ನಲವತ್ತು ಹೆಸರು ಎಂಟರ್ ಒತ್ತಿ ಒತ್ತಿ ತುಂಬಿಸಿದ್ದೆ, ಬಲಗಡೆಯ ಮನೆಯಲ್ಲಿ ನಲವತ್ತು ಮೊತ್ತ. ನನ್ನ ಯಂತ್ರದಲ್ಲಿ ಎದುರುಬದುರು ಸರಿಯಾಗಿ ಕೂತಿದ್ದವು. ಏಳನೆಯದು ದಂಪತಿಯ ಹೆಸರು, ಠಾಕುರ್ಲಿ ಎಂದು ಊರೂ ಸೇರಿ ಉದ್ದವಾಗಿತ್ತು. ನನ್ನ ಫಾಂಟಿನಲ್ಲಿ ಒಂದು ಸಾಲಿಗೆ ಬಿಗಿಯಾಗಿ ಹಿಡಿಸಿತ್ತು, ಅಗಲದ ಫಾಂಟಿನಲ್ಲಿ ಹಿಡಿಸದೆ ಎರಡನೆಯ ಸಾಲಿಗೆ ಇಳಿಯಿತು. ಎಡಗಡೆ ಒಂದು ಸಾಲು ಹೆಚ್ಚಾಯಿತು, ಬಲಗಡೆ ಆಗಲಿಲ್ಲ. ಅಲ್ಲಿಂದ ಕೆಳಗೆ ಎಲ್ಲರ ದುಡ್ಡೂ ಒಂದೊಂದು ಮನೆ ಮೇಲಕ್ಕೆ.

ಸರಿಪಡಿಸುವುದು ಹತ್ತು ನಿಮಿಷದ ಕೆಲಸ. ಒಬ್ಬ ದಾನಿಗೆ ಒಂದು ಅಡ್ಡಸಾಲು, ಎಡಕ್ಕೆ ಹೆಸರು, ಬಲಕ್ಕೆ ಮೊತ್ತ. ಹೆಸರು ಮೂರು ಸಾಲಾದರೂ ಮೊತ್ತ ಅದರ ಪಕ್ಕ ಬಿಟ್ಟು ಕದಲುವುದಿಲ್ಲ. ಕೋಷ್ಟಕ ಬೇಡ, ನಡುವೆ ಚುಕ್ಕಿ ಸಾಲು ಬೇಕು ಎನ್ನುವವರು ಟ್ಯಾಬ್ಸ್ ಪೆಟ್ಟಿಗೆಯಲ್ಲಿ ಬಲಕ್ಕೆ ಒತ್ತುವ ಟ್ಯಾಬ್ ಇಟ್ಟು ಚುಕ್ಕಿಯ ಲೀಡರ್ ಆರಿಸಲಿ. ಸ್ಪೇಸ್‌ಬಾರ್ ಒತ್ತಿ ಒತ್ತಿ ಸಾಲು ಸರಿಮಾಡುವ ಅಭ್ಯಾಸ ಇದ್ದರೆ, ದಯವಿಟ್ಟು, ಇವತ್ತೇ ಬಿಡಿ. ಸ್ಪೇಸ್‌ನ ಅಗಲ ಫಾಂಟಿನಿಂದ ಫಾಂಟಿಗೆ ಬೇರೆ. ಹೊಸ ಪುಟಕ್ಕೆ ಹೋಗಲು ಎಂಟರ್ ಸುರಿಮಳೆ ಮಾಡುವುದೂ ಇದೇ ಜಾತಿಯ ತಪ್ಪು, ಅದಕ್ಕೆ ಕಂಟ್ರೋಲ್ ಎಂಟರ್ ಇದೆ.

ಅಲ್ಲೇ ಇನ್ನೊಂದು ಸಣ್ಣ ದೋಷ ಕಣ್ಣಿಗೆ ಬಿತ್ತು. ಕೆಲವು ಸಾಲುಗಳಲ್ಲಿ ಒತ್ತಕ್ಷರದ ಬಾಲ ಕತ್ತರಿಸಿಹೋಗಿತ್ತು. ಜಾಗ ಉಳಿಸಲು ನಾನು ಸಾಲಿನ ಅಂತರವನ್ನು ಎಕ್ಸಾಕ್ಟ್ಲಿ ಎಂದು ಕಟ್ಟಿಹಾಕಿದ್ದೆ. ಇಂಗ್ಲಿಷ್‌ಗೆ ಅದು ನಡೆಯುತ್ತದೆ. ಕನ್ನಡದ ಒತ್ತು ಕೆಳಗೆ ಇಳಿಯುವ ಅಕ್ಷರ, ಫಾಂಟ್ ಬದಲಾದರೆ ಅದರ ಕಾಲು ಕೊಯ್ದುಬಿಡುತ್ತದೆ. ಅಟ್ ಲೀಸ್ಟ್ ಎಂದು ಇಟ್ಟರೆ ಬೇಕಾದಾಗ ಸಾಲು ತಾನೇ ಎತ್ತರವಾಗುತ್ತದೆ.

ಕಾಗದದ ಅಳತೆಯನ್ನೂ ಒಮ್ಮೆ ನೋಡಿ. ಪುಣೆಯಿಂದ ಬರುವ ಒಬ್ಬರ ಲೇಖನ ಪ್ರತಿ ಸಲ ಜಾರುತ್ತಿತ್ತು. ಮಗ ಅಮೆರಿಕದಿಂದ ತಂದುಕೊಟ್ಟ ಲ್ಯಾಪ್‌ಟಾಪ್, ಅದರಲ್ಲಿ ಹೊಸ ಫೈಲ್ ತೆರೆದರೆ ಕಾಗದ ಲೆಟರ್ ಅಳತೆ: 216 ಮಿಲಿಮೀಟರ್ ಅಗಲ, 279 ಎತ್ತರ. ನಮ್ಮ ಎ4 ಕಾಗದ 210 ಅಗಲ, 297 ಎತ್ತರ. ಅಳತೆ ಫೈಲಿನೊಳಗೇ ಬರುತ್ತದೆ, ಇಲ್ಲಿ ಎ4ಗೆ ಬದಲಿಸಿದ ಕೂಡಲೇ ಪುಟಗಳೆಲ್ಲ ಹೊಸದಾಗಿ ಕಟ್ಟಿಕೊಳ್ಳುತ್ತವೆ. “ಬರೆಯಲು ಕೂರುವ ಮೊದಲೇ ಎ4 ಮಾಡಿಕೊಳ್ಳಿ ಮಾಮ” ಎಂದು ಹೇಳಿದೆ. ಅಂದಿನಿಂದ ತೊಂದರೆ ಇಲ್ಲ.

ಪ್ರೆಸ್‌ನ ಯಂತ್ರದಲ್ಲಿ ನೋಟೋ ಫಾಂಟ್ ಹಾಕಿದೆವು, ಉಚಿತವಾಗಿ ಸಿಗುತ್ತದೆ. ಹಾಕಲು ಬಿಡದ ಕಡೆ, ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಸೇವ್ ಒಳಗೆ ಎಂಬೆಡ್ ಫಾಂಟ್ಸ್ ಎಂಬುದಕ್ಕೆ ಟಿಕ್ ಹಾಕಿ ಫಾಂಟನ್ನು ಫೈಲಿನೊಳಗೇ ಕಟ್ಟಿ ಕಳಿಸಬಹುದು. ಅದರ ಕೆಳಗೆ, ಬಳಸಿದ ಅಕ್ಷರಗಳನ್ನು ಮಾತ್ರ ಕಟ್ಟು ಎಂಬ ಆಯ್ಕೆ ಇದೆ. ಆ ಕಡೆಯವರು ತಿದ್ದುವುದಿದ್ದರೆ ಅದಕ್ಕೆ ಟಿಕ್ ಬೇಡ. ಕೆಲವು ಫಾಂಟ್‌ಗಳು ಹೀಗೆ ಕಟ್ಟಲು ಪರವಾನಗಿ ಕೊಡುವುದಿಲ್ಲ, ಆಗ ಟಿಕ್ ಹಾಕಿದರೂ ಹೋಗುವುದಿಲ್ಲ.

ಚಿಲ್ಲರೆ ದೂರುಗಳು

ತೆರೆದ ಕೂಡಲೇ ಪುಟದ ಗಡಿ ಇಲ್ಲದೆ ಪುಸ್ತಕ ಬಿಚ್ಚಿದ ಹಾಗೆ ಕಂಡರೆ, ಮೇಲ್‌ನಿಂದ ಬಂದ ಫೈಲನ್ನು ವರ್ಡ್ ಓದುವ ನೋಟದಲ್ಲಿ ತೆರೆದಿದೆ. ಪ್ರಿಂಟ್ ಲೇಔಟ್‌ಗೆ ಹೋಗಿ, ಮೇಲೆ ಹಳದಿ ಪಟ್ಟಿ ಇದ್ದರೆ, ಕಳಿಸಿದವರು ಗೊತ್ತಿದ್ದರೆ ಮಾತ್ರ, ಎನೇಬಲ್ ಎಡಿಟಿಂಗ್ ಒತ್ತಿ.

ಲಗತ್ತಿನ ಬದಲು ವಿನ್‌ಮೇಲ್ ಡಾಟ್ ಡ್ಯಾಟ್ ಎಂಬ ಅಪರಿಚಿತ ಫೈಲ್ ಬಂದರೆ ಕಳಿಸಿದವರ ಔಟ್‌ಲುಕ್ ರಿಚ್ ಟೆಕ್ಸ್ಟ್‌ನಲ್ಲಿ ಕಳಿಸಿದೆ. ಎಚ್‌ಟಿಎಂಎಲ್‌ಗೆ ಬದಲಿಸಿ ಮತ್ತೆ ಕಳಿಸಲಿ.

ಬರಹವನ್ನು ಮೇಲ್‌ನ ಒಳಗೇ ಅಂಟಿಸಿ ಕಳಿಸಿದರೆ ಅದರ ಆಕಾರಕ್ಕೆ ಯಾರೂ ಹೊಣೆಯಲ್ಲ. ಅದರಲ್ಲೂ ನುಡಿಯ ಹಳೆಯ ಫಾಂಟಿನ ಬರಹವನ್ನು ಎಂದೂ ಅಂಟಿಸಬೇಡಿ.

ಫೈಲಿನ ಹೆಸರು ಕನ್ನಡದಲ್ಲಿದ್ದು ಆ ಕಡೆ ಅಡಿಗೆರೆಗಳ ಸಾಲಾಗಿ ಬಂದರೆ ಇಂಗ್ಲಿಷ್‌ನಲ್ಲಿ ಸಣ್ಣ ಹೆಸರಿಡಿ, ಜೊತೆಗೆ ತಾರೀಕು. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಇದೇ’ ಎಂದು ಮೂರು ಫೈಲ್ ಕಳಿಸಿ ಹಳೆಯದು ಅಚ್ಚಾದಾಗ ಫಾಂಟನ್ನು ದೂರಿ ಪ್ರಯೋಜನವಿಲ್ಲ.

ಪಿಡಿಎಫ್ ಎಷ್ಟು ನಂಬಬಹುದು

ಎಲ್ಲದಕ್ಕೂ ಪಿಡಿಎಫ್ ಮಾಡಿಬಿಡಿ ಎನ್ನುವವರಿದ್ದಾರೆ. ಅಚ್ಚಿಗೆ, ಓದಿಗೆ ಅದು ನಿಜವಾದ ಮದ್ದು. 1993ರಲ್ಲಿ ಅಡೋಬಿ ಇದನ್ನು ತಂದದ್ದೇ ಎಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಲಿ ಎಂದು, 2008ರಿಂದ ಅದು ಅಂತರರಾಷ್ಟ್ರೀಯ ಮಾನಕ. ಇದರಲ್ಲಿ ಸೂಚನೆ ಅಲ್ಲ, ಕಟ್ಟಿದ ಪುಟವೇ ಇರುತ್ತದೆ. ಆದರೂ ಕಳಿಸುವ ಮೊದಲು ಒಂದು ಕೆಲಸ ಮಾಡಿ: ಅಕ್ರೊಬ್ಯಾಟ್ ರೀಡರ್‌ನಲ್ಲಿ ತೆರೆದು ಕಂಟ್ರೋಲ್ ಡಿ ಒತ್ತಿ, ಫಾಂಟ್ಸ್ ಎಂಬ ಹಾಳೆ ನೋಡಿ. ಪ್ರತಿ ಫಾಂಟಿನ ಪಕ್ಕ ಎಂಬೆಡೆಡ್ ಎಂದಿರಬೇಕು. ಒಂದಕ್ಕೆ ಇಲ್ಲದಿದ್ದರೂ ಪ್ರೆಸ್‌ನಲ್ಲಿ ಅದರ ಬದಲು ಬೇರೆಯದು ಬರುವ ಅಪಾಯ ಇದ್ದೇ ಇದೆ. ವರ್ಡ್‌ನಲ್ಲಿ ಉಳಿಸುವಾಗ ಆಪ್ಷನ್ಸ್ ಒಳಗೆ ಪಿಡಿಎಫ್-ಎ ಆರಿಸಿದರೆ ಫಾಂಟ್ ಕಟ್ಟುವುದು ಕಡ್ಡಾಯವಾಗುತ್ತದೆ.

ಆಪರೇಟರ್ ಅದನ್ನು ಕೋರಲ್‌ಡ್ರಾಗೆ ಎಳೆದುಕೊಳ್ಳುವಾಗ ಬರಹವನ್ನು ಟೆಕ್ಸ್ಟ್ ಆಗಿ ತರಲೋ ಕರ್ವ್ಸ್ ಆಗಿ ತರಲೋ ಎಂದು ಕೇಳುತ್ತದೆ. ಟೆಕ್ಸ್ಟ್ ಎಂದರೆ ಒತ್ತುಗಳು ಮತ್ತೆ ಕಳಚುತ್ತವೆ. ಕರ್ವ್ಸ್ ಎಂದೇ ಆರಿಸಬೇಕು, ಆಗ ಅಕ್ಷರ ಚಿತ್ರದ ಗೆರೆಯಾಗಿ ಬಂದು ಕೂರುತ್ತದೆ. ಅಚ್ಚು ಒತ್ತುವಾಗ ಫಿಟ್ ಬೇಡ, ಆಕ್ಚುವಲ್ ಸೈಜ್ ಇರಲಿ.

ತಿದ್ದುವವರಿಗೆ ಮಾತ್ರ ಬರೀ ಪಿಡಿಎಫ್ ಕಳಿಸಬೇಡಿ. ಅದರಿಂದ ಕನ್ನಡ ನಕಲು ಮಾಡಿ ಅಂಟಿಸಿದರೆ ಅಕ್ಷರಗಳು ಹಿಂದುಮುಂದಾಗುವುದು, ಒತ್ತು ಮಾಯವಾಗುವುದು ಸಾಮಾನ್ಯ, ಏಕೆಂದರೆ ಅದರೊಳಗೆ ಇರುವುದು ಅಕ್ಷರದ ಆಕಾರ, ಬರೆದ ಕ್ರಮ ಅಲ್ಲ. ವರ್ಡ್ ಫೈಲೂ ಹೋಗಲಿ, ಪಿಡಿಎಫ್ಫೂ ಹೋಗಲಿ. ಒಂದು ತಿದ್ದಲಿಕ್ಕೆ, ಇನ್ನೊಂದು ಹೀಗೆ ಕಾಣಬೇಕು ಎಂದು ಹೋಲಿಸಲಿಕ್ಕೆ. ಪಿಡಿಎಫನ್ನು ವಾಟ್ಸಾಪ್‌ನಲ್ಲಿ ಮುಂದೆ ಕಳಿಸುವವರು ಡಾಕ್ಯುಮೆಂಟ್ ಎಂದೇ ಕಳಿಸಲಿ. ಫೋಟೋ ತೆಗೆದು ಕಳಿಸಿದರೆ ಅಕ್ಷರ ಮಸುಕಾಗುತ್ತದೆ, ಅಜ್ಜಿಯಂದಿರ ಬೈಗುಳ ನನಗೆ ಬರುತ್ತದೆ.

ಈಗ ಪ್ರೆಸ್‌ಗೆ ಹೋಗುವ ಪ್ರತಿ ಮೇಲ್‌ನಲ್ಲಿ ನಾಲ್ಕು ಸಾಲು ಬರೆಯುತ್ತೇನೆ. ಹುಡುಗನಿಗೆ ಮರಾಠಿಯಲ್ಲಿ, ಇಲ್ಲಿ ಕನ್ನಡದಲ್ಲಿ:

“ಎರಡು ಫೈಲ್ ಇವೆ, ಅಚ್ಚಿಗೆ ಪಿಡಿಎಫ್ ಮಾತ್ರ. ನಾಲ್ಕು ಪುಟ, ಎ4. ಮೂರನೆಯ ಪುಟದ ಪಟ್ಟಿಯಲ್ಲಿ ನಲವತ್ತು ಹೆಸರು, ಕೊನೆಯ ಮೊತ್ತ 1,001. ಇದರಲ್ಲಿ ಒಂದು ತಪ್ಪಿದರೂ ಅಚ್ಚು ಹಾಕಬೇಡ, ಫೋನ್ ಮಾಡು.”

ಅಂಕಿ ಓದಲು ಕನ್ನಡ ಬರಬೇಕಾಗಿಲ್ಲವಲ್ಲ. ಹೋದ ವಾರ ಫೋನ್ ಬಂತು. ಹೆಸರು ನಲವತ್ತೊಂದು ಇದೆ ತಾಈ ಎಂದ. ಎಣಿಸಿ ನೋಡಿದೆ, ಒಬ್ಬರ ಹೆಸರನ್ನು ನಾನೇ ಎರಡು ಸಲ ಹಾಕಿದ್ದೆ.